ಬಣ್ಣ ಇದೆ, ಹೊಟ್ಟೆ ತುಂಬಿದೆಯಾ? ಉಪ್ಪುನೀರಿನ ಟ್ಯಾಂಕಿನಲ್ಲಿ ಸ್ಪಂಜು ಸಾಕುವ ಬಗ್ಗೆ

[ಗಾಜಿಗೆ ತೀರಾ ಹತ್ತಿರ ಕ್ಯಾಮೆರಾ. ಕಲ್ಲಿನ ಸಂದಿಯಲ್ಲಿ ಹಳದಿ ಸ್ಪಂಜು.]

ನಮಸ್ಕಾರ. ಈ ಹಳದಿ ಮುದ್ದೆಯ ನೆತ್ತಿಯಲ್ಲಿ ಕಡಲೆಕಾಳು ಹಿಡಿಯುವಷ್ಟು ಒಂದು ತೂತಿದೆ, ಕಾಣ್ತಿದೆಯಾ? ಅದರ ಮುಂದೆ ತೇಲಿ ಬರುವ ಪುಡಿ ಕಸವನ್ನೇ ನೋಡಿ. ತೂತಿನ ಮೇಲೆ ಬಂದದ್ದೇ ತಡ, ಮೇಲಕ್ಕೆ ಚಿಮ್ಮುತ್ತದೆ. ಅಲ್ಲಿ ಯಾವ ಪಂಪೂ ಇಲ್ಲ. ನೀರು ತಳ್ಳುತ್ತಿರುವುದು ಸ್ಪಂಜೇ. ಇದು ಗಿಡ ಅಲ್ಲ, ಪ್ರಾಣಿ.

ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಒಳಗಿನ ಜೀವಕೋಶಗಳಿಗೆ ಚಾವಟಿಯಂಥ ಬಾಲ ಇದೆ, ಅದನ್ನು ಬೀಸುತ್ತಲೇ ಇರುತ್ತವೆ. ಬ್ಯಾಕ್ಟೀರಿಯಾ, ಪಾಚಿಯ ಕಣ ಎಲ್ಲ ಸೋಸಿಕೊಂಡು ನೀರನ್ನು ದೊಡ್ಡ ತೂತಿನಿಂದ ಹೊರಗೆ ಬಿಡುತ್ತದೆ. ಹೃದಯ ಇಲ್ಲ, ನರ ಇಲ್ಲ, ಜಠರವೂ ಇಲ್ಲ. ಆದರೂ ಕೆಲವು ಸ್ಪಂಜುಗಳು ದಿನಕ್ಕೆ ತಮ್ಮ ಗಾತ್ರದ ಸಾವಿರಾರು ಪಟ್ಟು ನೀರು ಸೋಸುತ್ತವೆ.

[ಹಳೆಯ ಫೋಟೋ: ಕೆಂಪು ಕೊಂಬೆ ಸ್ಪಂಜು.]

ಉಡುಪಿಯ ನಮ್ಮ ಮನೆಗೆ ನಾನು ಮೊದಲು ತಂದದ್ದು ಇದನ್ನು. ಮರದ ಕೊಂಬೆಯ ಹಾಗೆ ಕವಲೊಡೆದಿತ್ತು, ಕುಂಕುಮದಂಥ ಕೆಂಪು. ಅಂಗಡಿಯಲ್ಲಿ ನೀರಿನಿಂದ ಎತ್ತಿ ತೋರಿಸಿದರು. ನಾನೂ ಮನೆಗೆ ಬಂದು ಕೈಯಲ್ಲೇ ಎತ್ತಿ ಟ್ಯಾಂಕಿಗೆ ಬಿಟ್ಟೆ. ಎರಡು ವಾರ ಚೆಂದ ಇತ್ತು. ಮೂರನೇ ವಾರ ಒಂದು ಕೊಂಬೆಯ ತುದಿ ಬೂದಿ ಬಣ್ಣಕ್ಕೆ ತಿರುಗಿತು, ಮುಟ್ಟಿದರೆ ಕರಗಿ ಹೋಗುತ್ತಿತ್ತು. ಮತ್ತೆರಡು ದಿನಕ್ಕೆ ಅಮ್ಮ ಅಡುಗೆಮನೆಯಿಂದ ಕೇಳಿದರು, "ಎಂತ ಮಾರಾಯ, ಬೂತಾಯಿ ಮೀನು ಹಾಳಾಯ್ತಾ?" ಆ ವಾಸನೆ ಟ್ಯಾಂಕಿನದ್ದು. ಅವತ್ತು ರಾತ್ರಿ ಎರಡು ಕ್ಲೌನ್ ಮೀನು ಸತ್ತವು. ಇವತ್ತಿಗೂ ನನಗೆ ಅದು ಬೇಸರವೇ.

ಮೊದಲ ತಪ್ಪು, ಗಾಳಿ. ಸ್ಪಂಜಿನ ಒಳಗಿನ ಕಾಲುವೆಗಳು ತುಂಬ ಸಣ್ಣವು. ನೀರಿನಿಂದ ಎತ್ತಿದಾಗ ಗಾಳಿಯ ಗುಳ್ಳೆ ಒಳಗೆ ಸಿಕ್ಕಿಕೊಂಡರೆ ಹೊರಗೆ ಬರುವುದು ಕಷ್ಟ. ಅದರಾಚೆಗೆ ನೀರು ಹರಿಯುವುದಿಲ್ಲ, ಅಷ್ಟು ಭಾಗ ಸಾಯುತ್ತದೆ. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ವಿಜ್ಞಾನಿ ಸ್ಪಂಜನ್ನು ತೆಳು ಬಟ್ಟೆಯಲ್ಲಿ ಹಿಂಡಿ ಜೀವಕೋಶಗಳನ್ನು ಬಿಡಿಬಿಡಿ ಮಾಡಿದರು. ಅವು ಮತ್ತೆ ಒಂದಕ್ಕೊಂದು ಅಂಟಿಕೊಂಡು ಸ್ಪಂಜಾದವು! ಅಂಥ ಜೀವ ಸಾಯಲು ಒಂದು ಗುಳ್ಳೆ ಸಾಕಾಗುತ್ತದೆ ಅಂದರೆ ನಂಬೋದು ಕಷ್ಟ, ಅಲ್ವಾ?

ಕಡಲ ದಡದ ಬಂಡೆಗಳಲ್ಲಿ ಇಳಿತದ ಹೊತ್ತಿಗೆ ಗಾಳಿಗೆ ತೆರೆದುಕೊಂಡೇ ಬದುಕುವ ಸ್ಪಂಜುಗಳೂ ಉಂಟು. ಅವು ಬಂಡೆಯ ಅಡಿಯ ನೆರಳಿನಲ್ಲಿ, ಒದ್ದೆಯಲ್ಲಿ ಇದ್ದು ರೂಢಿಯಾದವು. ಅಂಗಡಿಯ ಕೊಂಬೆ ಸ್ಪಂಜು ಯಾವಾಗಲೂ ನೀರಿನೊಳಗೇ ಇರುವಂಥದ್ದು. ಹಾಗಾಗಿ ಅಂಗಡಿಯಲ್ಲೇ ಹೇಳಿ: ನೀರಿನೊಳಗೇ ಚೀಲಕ್ಕೆ ತುಂಬಿಸಿ ಕೊಡಿ ಅಂತ. ಮನೆಯಲ್ಲಿ ಟ್ಯಾಂಕಿನ ನೀರಿಗೆ ನಿಧಾನ ಹೊಂದಿಸಿದ ಮೇಲೆ, ಒಂದು ಡಬ್ಬಿಯನ್ನು ಪೂರ್ತಿ ಮುಳುಗಿಸಿ, ಅದರೊಳಗೆ ಸ್ಪಂಜು ಸೇರಿಸಿ, ನೀರಿನ ಸಮೇತ ಒಯ್ದು ಟ್ಯಾಂಕಿನಲ್ಲಿ ಮುಳುಗಿಸಿಯೇ ಬಿಡಿ.

ಎರಡನೆಯದು ಹಸಿವು. ನನ್ನ ಪ್ರಕಾರ ಜಾಸ್ತಿ ಸ್ಪಂಜುಗಳು ಸಾಯುವುದು ಇದರಿಂದಲೇ. ನಾವು ನೀರು ಕನ್ನಡಿಯ ಹಾಗೆ ಇರಲಿ ಅಂತ ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಹಾಕುತ್ತೇವೆ, ಫಿಲ್ಟರ್ ಬಟ್ಟೆ ಹಾಕುತ್ತೇವೆ. ಸ್ಪಂಜಿನ ಊಟವೇ ಆ ನೀರಿನಲ್ಲಿರುವ ಸಣ್ಣ ಕಣ. ಮೀನಿನ ಕಾಳು ಅದರ ರಂಧ್ರಗಳಲ್ಲಿ ಹಿಡಿಸುವುದಿಲ್ಲ. ಇನ್ನೂ ಕಷ್ಟದ ಮಾತೆಂದರೆ, ಉಪವಾಸ ಬಿದ್ದ ಸ್ಪಂಜಿನ ಬಣ್ಣ ಬೇಗ ಹೋಗುವುದಿಲ್ಲ. ತಿಂಗಳುಗಟ್ಟಲೆ ಚೆಂದ ಕಾಣುತ್ತಲೇ ಒಳಗೊಳಗೆ ಕುಗ್ಗುತ್ತದೆ.

[ಸಿರಿಂಜಿನಿಂದ ಹಸಿರು ದ್ರವ ಬಿಡುವ ದೃಶ್ಯ.]

ಇದು ಜೀವಂತ ಫೈಟೋಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ. ಎರಡು ಗಂಟೆ ಸ್ಕಿಮ್ಮರ್ ನಿಲ್ಲಿಸಿ, ಸ್ಪಂಜಿನ ಪಕ್ಕ ಸ್ವಲ್ಪ ಸ್ವಲ್ಪವೇ ಬಿಡಿ. ಒಮ್ಮೆಗೇ ಸುರಿದರೆ ನೀರು ಕೆಟ್ಟು ನೈಟ್ರೇಟ್ ಏರುತ್ತದೆ. ಹೊಸ ಟ್ಯಾಂಕಿಗಂತೂ ಸ್ಪಂಜು ಬೇಡವೇ ಬೇಡ. ಒಂದು ವರ್ಷ ಓಡಿದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ, ಪಾಚಿ ಎಲ್ಲ ಬೇರೂರಿರುತ್ತವೆ. ಕೆಲವು ಸ್ಪಂಜುಗಳ ಮೈಯಲ್ಲಿ ಬೆಳಕಿನಿಂದ ಆಹಾರ ಮಾಡುವ ಸಯನೋಬ್ಯಾಕ್ಟೀರಿಯಾ ಇರುತ್ತವೆ. ಅಂಥವು ಸ್ವಲ್ಪ ಸುಲಭ. ಉಳಿದವನ್ನು ನೆರಳಿನಲ್ಲಿ, ನೀರಿನ ಹರಿವು ಚೆನ್ನಾಗಿರುವ ಕಡೆ ಇಡಿ. ಬೆಳಕು ಜಾಸ್ತಿಯಾದರೆ ಮೇಲೆ ಪಾಚಿ ಕೂತು ರಂಧ್ರ ಮುಚ್ಚುತ್ತದೆ. ಏಂಜಲ್ ಮೀನು ಇದ್ದರೆ ಸ್ಪಂಜು ತರಬೇಡಿ, ತಿಂದು ಮುಗಿಸುತ್ತದೆ.

ನಮ್ಮ ಕರಾವಳಿಯ ಎರಡು ಮಾತು. ಏಪ್ರಿಲ್, ಮೇ ಸೆಕೆಯಲ್ಲಿ ಟ್ಯಾಂಕ್ 30 ಡಿಗ್ರಿ ದಾಟುತ್ತದೆ, ಬೇಕಾದ್ದು 25ರ ಆಸುಪಾಸು. ಗಾಳಿಯಲ್ಲೇ ಅಷ್ಟು ನೀರಿನಂಶ ಇರುವಾಗ ಫ್ಯಾನ್ ಹಾಕಿದರೆ ತಂಪಾಗುವುದು ಕಮ್ಮಿ, ಚಿಲ್ಲರ್ ಬೇಕಾಗುತ್ತದೆ. ಮತ್ತೆ, ಕಡಲು ಹತ್ತಿರ ಇದೆ ಅಂತ ಮಲ್ಪೆ ಬಂದರಿನಿಂದ ಕೊಡದಲ್ಲಿ ನೀರು ತರಬೇಡಿ. ಅಲ್ಲಿ ದೋಣಿಯ ಎಣ್ಣೆ ಇರುತ್ತದೆ, ಮಳೆಗಾಲದಲ್ಲಿ ಹೊಳೆ ನೀರು ಸೇರಿ ಉಪ್ಪೂ ಇಳಿಯುತ್ತದೆ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಸಾಂದ್ರತೆ 1.025 ಇರಲಿ.

ಕಾಪು, ಸೋಮೇಶ್ವರದ ಬಂಡೆಗಳಿಂದಲೂ, ಸೇಂಟ್ ಮೇರಿಸ್ ದ್ವೀಪದಿಂದಲೂ ಏನನ್ನೂ ಕಿತ್ತು ತರಬೇಡಿ. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಸ್ಪಂಜನ್ನು ಕಿತ್ತರಂತೂ ಬುಡ ಹರಿದು, ಮನೆ ತಲುಪುವ ಮುಂಚೆಯೇ ಅರ್ಧ ಸತ್ತಿರುತ್ತದೆ.

[ಟ್ಯಾಂಕಿನ ಕೆಳಗಿನ ಕಪಾಟು ತೆರೆಯುತ್ತದೆ. ಸಂಪ್ ಒಳಗೆ ಟಾರ್ಚ್ ಬೆಳಕು.]

ಈಗ ಇಲ್ಲಿ ನೋಡಿ, ಇದು ಸಂಪ್, ಟ್ಯಾಂಕಿನ ನೀರು ಸೋಸಿ ವಾಪಸ್ ಕಳಿಸುವ ಕೆಳಗಿನ ತೊಟ್ಟಿ. ಪೈಪಿನ ಮೇಲೆ ಬಿಳಿ ಅನಾನಸಿನ ಹಾಗೆ, ಒಂದು ಸೆಂಟಿಮೀಟರ್ ಉದ್ದ, ತಲೆಯ ಮೇಲೆ ಕೂದಲಿನ ಕಿರೀಟ. ಇದರ ಹೆಸರು ಸೈಕಾನ್, ಇದೂ ಸ್ಪಂಜೇ. ನಾನು ತಂದದ್ದಲ್ಲ, ಲೈವ್ ರಾಕ್, ಅಂದರೆ ಸಣ್ಣ ಜೀವಿಗಳು ಕೂತಿರುವ ಕಡಲ ಕಲ್ಲು, ಅದರ ಜೊತೆ ಬಂದದ್ದು. ಕತ್ತಲೆಯಲ್ಲಿ ತನ್ನಷ್ಟಕ್ಕೆ ನೀರು ಸೋಸಿಕೊಂಡಿದೆ. ಒಂದು ಇದ್ದದ್ದು ಈಗ ಹದಿನೇಳಾಗಿವೆ, ನಿನ್ನೆ ಎಣಿಸಿದೆ. ನೀವೂ ಇವತ್ತು ರಾತ್ರಿ ಲೈಟ್ ಆರಿಸಿ, ನಿಮ್ಮ ಸಂಪಿಗೆ ಟಾರ್ಚ್ ಹಾಕಿ ನೋಡಿ. ಸಿಕ್ಕರೆ ಮುಟ್ಟಬೇಡಿ, ಫೋಟೋ ತೆಗೆದು ನನಗೆ ಕಳಿಸಿ.