ಕಡಿಮೆ ಖರ್ಚಿನಲ್ಲಿ ಸಿಲಿಕೋನ್ ಮಾದರಿ

ಕೇಳುಗರಿಗೆ ನಮಸ್ಕಾರ.

ಹೊಸ ವಸ್ತುವೊಂದರ ಯೋಚನೆ ಹೊಳೆದು, ಅದನ್ನು ಸಿಲಿಕೋನ್ ರಬ್ಬರಿನಲ್ಲಿ ಮಾಡಿಸಬೇಕೆಂದು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಕ್ಕೆ ಹೋದವರ ಮುಂದೆ ಮೊದಲು ಬರುವ ಮಾತು ಡೈ, ಅಂದರೆ ಉಕ್ಕಿನ ಅಚ್ಚಿನ, ಖರ್ಚಿನದು. ಉಕ್ಕನ್ನು ಕೊರೆದು, ಉಜ್ಜಿ, ಹೊಳಪು ಕೊಟ್ಟು ಮಾಡುವ, ಸಾಮಗ್ರಿಯನ್ನು ಒತ್ತಡದಿಂದ ಒಳಕ್ಕೆ ತೂರಿಸಿ ತುಂಬುವ ಇಂಜೆಕ್ಷನ್ ಅಚ್ಚು ಸಾವಿರಾರು ಪ್ರತಿಗಳನ್ನು ತೆಗೆಯುವುದಕ್ಕೆಂದೇ ಇರುವಂಥದ್ದು. ಅಷ್ಟು ಪ್ರತಿಗಳ ಮೇಲೆ ಹಂಚಿಹೋದಾಗ ಮಾತ್ರ ಅದರ ಬೆಲೆ ಹಗುರವಾಗುತ್ತದೆ. ತಮ್ಮ ವಸ್ತುವಿನ ಒಂದು ಪ್ರತಿಯನ್ನೂ ಇನ್ನೂ ಕೈಯಲ್ಲಿ ಹಿಡಿದು ನೋಡದವರು ಆ ಖರ್ಚಿಗೆ ಇಳಿಯಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮಾದರಿಯಿಂದ ನಾವು ಏನನ್ನು ತಿಳಿಯಬೇಕಾಗಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ, ಎಷ್ಟು ಖರ್ಚು ಮಾಡಬೇಕೆಂಬುದು ತಾನಾಗಿಯೇ ನಿರ್ಧಾರವಾಗುತ್ತದೆ.

ಒಂದು ಉದಾಹರಣೆಯನ್ನೇ ಹಿಡಿದುಕೊಂಡು ಮುಂದೆ ಹೋಗೋಣ. ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ, ಪಾರ್ಶ್ವವಾಯುವಿನಿಂದ ಕೈಯ ಹಿಡಿತ ಸಡಿಲವಾದವರಿಗೆ ತೆಳುವಾದ ಸ್ಟೀಲ್ ಚಮಚವನ್ನು ಹಿಡಿಯುವುದು ಬಹಳ ಕಷ್ಟ. ಆ ಚಮಚದ ಹಿಡಿಗೆ ತೊಡಿಸಬಹುದಾದ, ಮೆತ್ತಗಿನ, ದಪ್ಪನೆಯ ಸಿಲಿಕೋನ್ ಕವಚವೊಂದನ್ನು ಮಾಡಬೇಕಾಗಿದೆ ಎಂದುಕೊಳ್ಳೋಣ. ಉದ್ದ 10 ಸೆಂಟಿಮೀಟರ್, ಹೊರ ವ್ಯಾಸ 3 ಸೆಂಟಿಮೀಟರ್, ನಡುವೆ 8 ಮಿಲಿಮೀಟರಿನ ತೂತು. ಲೆಕ್ಕ ಹಾಕಿದರೆ ಇದಕ್ಕೆ ಬೇಕಾಗುವ ಸಿಲಿಕೋನ್ ಸುಮಾರು 70 ಗ್ರಾಂ. ಅಂದರೆ ಒಂದು ಕಿಲೋ ಸಾಮಗ್ರಿಯಲ್ಲಿ, ಒಂದಿಷ್ಟು ವ್ಯರ್ಥವಾದರೂ, ಹತ್ತಕ್ಕಿಂತ ಹೆಚ್ಚು ಮಾದರಿಗಳು ಸಿಗುತ್ತವೆ.

ಅಚ್ಚಿಗೆ ಉಕ್ಕು ಬೇಕಾಗಿಲ್ಲ. ಕೊಠಡಿಯ ಉಷ್ಣತೆಯಲ್ಲೇ ಗಟ್ಟಿಯಾಗುವ, ಎರಡು ಭಾಗಗಳನ್ನು ಬೆರೆಸಿ ಸುರಿಯುವ ದ್ರವ ಸಿಲಿಕೋನಿಗೆ ಒತ್ತಡವೂ ಬೇಡ, ಬಿಸಿಯೂ ಬೇಡ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಮತ್ತೆ ಜೋಡಿಸಿ ಟೇಪು ಸುತ್ತಿ, ತಳವನ್ನು ಮುಚ್ಚಿ, ನಡುವೆ ಒಂದು ನಯವಾದ ಸರಳನ್ನು ನೆಟ್ಟಗೆ ನಿಲ್ಲಿಸಿದರೆ ಈ ಕವಚದ ಅಚ್ಚು ಸಿದ್ಧ. ಸಿಲಿಕೋನ್ ನಯವಾದ ಲೋಹಕ್ಕೂ ಪ್ಲಾಸ್ಟಿಕ್ಕಿಗೂ ತಾನಾಗಿ ಅಂಟುವುದಿಲ್ಲ. ಅಂಟುವುದು ಇನ್ನೊಂದು ಸಿಲಿಕೋನಿಗೆ. ಸರಳು ಚಮಚದ ಹಿಡಿಗಿಂತ ಸ್ವಲ್ಪ ಸಣ್ಣದಿರಬೇಕು, ಆಗ ಕವಚ ಹಿಗ್ಗಿಕೊಂಡು ಹಿಡಿಯನ್ನು ಬಿಗಿಯಾಗಿ ಅಪ್ಪುತ್ತದೆ. ಬೆರಳುಗಳಿಗೆ ತಗ್ಗು, ಅಂಚಿಗೆ ತಿರುವು ಬೇಕೆನ್ನುವವರು ಅಚ್ಚನ್ನು ತ್ರೀಡಿ ಪ್ರಿಂಟರಿನಲ್ಲಿ ಎರಡು ಹೋಳುಗಳಾಗಿ ಮುದ್ರಿಸಿಕೊಳ್ಳಬಹುದು. ಆದರೆ ಸಿಲಿಕೋನ್ ತನ್ನ ಅಚ್ಚಿನ ಮೇಲಿರುವ ಬೆರಳಚ್ಚನ್ನೂ ಬಿಡದೆ ನಕಲು ಮಾಡುತ್ತದೆ. ಮುದ್ರಣದ ಪದರಗೆರೆಗಳನ್ನು ಮರಳುಕಾಗದದಿಂದ ಉಜ್ಜಿ, ಮೇಲೆ ಲ್ಯಾಕರ್ ಹಚ್ಚಿ ಚೆನ್ನಾಗಿ ಒಣಗಿಸದಿದ್ದರೆ ಅವೆಲ್ಲವೂ ಕವಚದ ಮೇಲೆ ಮೂಡುತ್ತವೆ.

ಇನ್ನು ಸಿಲಿಕೋನಿನ ಆಯ್ಕೆ. ಅಂಗಡಿಯಲ್ಲಿ ಸಿಗುವ ಸುರಿಯುವ ಸಿಲಿಕೋನಿನಲ್ಲಿ ಮುಖ್ಯವಾಗಿ ಎರಡು ಜಾತಿ: ತವರದ ಸಂಯುಕ್ತದಿಂದ ಗಟ್ಟಿಯಾಗುವುದು, ಪ್ಲಾಟಿನಂನಿಂದ ಗಟ್ಟಿಯಾಗುವುದು. ತವರದ್ದು ಅಗ್ಗ, ಯಾವ ಅಚ್ಚಿನಲ್ಲೂ ಹೆಚ್ಚು ತಕರಾರಿಲ್ಲದೆ ಗಟ್ಟಿಯಾಗುತ್ತದೆ. ಆದರೆ ಕಾಲಕ್ರಮದಲ್ಲಿ ನೂರಕ್ಕೆ ಒಂದರಷ್ಟು ಕುಗ್ಗಬಹುದು, ಮತ್ತು ಬಾಯಿಗೆ ಅಥವಾ ಆಹಾರಕ್ಕೆ ತಾಗುವ ವಸ್ತುವಿಗೆ ಅದನ್ನು ಬಳಸಬಾರದು. ಪ್ಲಾಟಿನಂನದ್ದು ದುಬಾರಿ, ಬಹುತೇಕ ಕುಗ್ಗುವುದಿಲ್ಲ, ಆದರೆ ಬಹಳ ಸೂಕ್ಷ್ಮ. ಗಂಧಕ ಇರುವ ಜೇಡಿಮಣ್ಣು, ಲೇಟೆಕ್ಸ್ ಕೈಗವಸು, ಸರಿಯಾಗಿ ಒಣಗದ ರಾಳದ ತ್ರೀಡಿ ಅಚ್ಚು, ಇವುಗಳಲ್ಲಿ ಯಾವುದು ತಾಗಿದರೂ ಆ ಭಾಗ ಅಂಟಂಟಾಗಿಯೇ ಉಳಿದು, ಎಷ್ಟು ದಿನ ಕಾದರೂ ಗಟ್ಟಿಯಾಗುವುದಿಲ್ಲ. ಆದ್ದರಿಂದ ಕೈಗೆ ನೈಟ್ರೈಲ್ ಗವಸು ಹಾಕಿಕೊಂಡು, ಇಡೀ ಅಚ್ಚಿಗೆ ಸುರಿಯುವ ಮೊದಲು ಅದರ ಮೂಲೆಯೊಂದಕ್ಕೆ ಒಂದು ಚಮಚದಷ್ಟು ಸುರಿದು ನೋಡುವುದು ಒಳ್ಳೆಯದು. ನಮ್ಮ ಕವಚದ ಅಳತೆ ನೋಡುವ ಮೊದಲ ಮಾದರಿಗಳಿಗೆ ತವರದ್ದೇ ಸಾಕು; ರೋಗಿಗಳ ಕೈಗೆ ಊಟದ ಹೊತ್ತಿನಲ್ಲಿ ಕೊಡುವ ಮಾದರಿಗೆ ಮಾತ್ರ, ಚರ್ಮಕ್ಕೂ ಆಹಾರಕ್ಕೂ ತಾಗಬಹುದೆಂದು ತಯಾರಕರು ಬರಹದಲ್ಲಿ ತಿಳಿಸಿರುವ ಪ್ಲಾಟಿನಂ ಸಿಲಿಕೋನನ್ನೇ ತರಬೇಕು.

ಇವೆರಡಕ್ಕಿಂತಲೂ ಅಗ್ಗವಾದ ದಾರಿಯೊಂದಿದೆ. ಕಿಟಕಿ ಗಾಜಿನ ಸಂದಿಗೆ ಹಚ್ಚುವ, ವಿನೆಗರ್ ವಾಸನೆಯ ಸಿಲಿಕೋನ್ ಟ್ಯೂಬು ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಗಟ್ಟಿಯಾಗುತ್ತ ಹೋಗುತ್ತದೆ. ಅದಕ್ಕೆ ಕಾರ್ನ್‌ಫ್ಲೋರ್ ಬೆರೆಸಿ ನಾದಿದರೆ ಹಿಟ್ಟಿನಲ್ಲಿರುವ ತೇವದಿಂದ ಒಳಭಾಗವೂ ಬೇಗ ಬಿಗಿಯುತ್ತದೆ. ಕಿಟಕಿ ತೆರೆದಿಟ್ಟು, ಗವಸು ತೊಟ್ಟು, ಈ ಮುದ್ದೆಯನ್ನು ಕೈಯಿಂದಲೇ ತಿದ್ದಿ ಆಕಾರವನ್ನು ಪರೀಕ್ಷಿಸಬಹುದು. ಊಟದ ಹತ್ತಿರ ಮಾತ್ರ ಇದನ್ನು ತರಬಾರದು.

ಬೆರೆಸುವ ಕೆಲಸದಲ್ಲಿ ತೂಕವೇ ಮುಖ್ಯ. ತವರದ ಸಿಲಿಕೋನಿನಲ್ಲಿ ನೂರು ಭಾಗಕ್ಕೆ ಮೂರು ಭಾಗ ಹಾರ್ಡನರ್ (ಗಟ್ಟಿಯಾಗಿಸುವ ಎರಡನೆಯ ಭಾಗ) ಎಂದು ಡಬ್ಬಿಯ ಮೇಲೆ ಬರೆದಿದ್ದರೆ, 70 ಗ್ರಾಂಗೆ ಬೇಕಾದದ್ದು 2.1 ಗ್ರಾಂ. ಒಂದು ಗ್ರಾಮಿನಷ್ಟು ಆಚೀಚೆ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಅಳೆದರೆ ಹಾರ್ಡನರ್ ಅರ್ಧದಷ್ಟು ಕಡಿಮೆಯಾಗಿಬಿಡಬಹುದು, ಇಲ್ಲವೇ ಒಂದೂವರೆಯಷ್ಟಾಗಬಹುದು. ಗ್ರಾಮಿನ ಹತ್ತನೆಯ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಗೆ ಕೊಡುವ ಹಣ ಈ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಬೆರೆಸುವಾಗ ಲೋಟದ ಗೋಡೆಯನ್ನೂ ತಳವನ್ನೂ ಕೆರೆಯುತ್ತ, ಗಾಳಿ ಸೇರದಂತೆ ನಿಧಾನವಾಗಿ ತಿರುಗಿಸಬೇಕು. ನಿರ್ವಾತ ಪಂಪು ಇದ್ದವರು ಗುಳ್ಳೆಗಳನ್ನು ಎಳೆದು ತೆಗೆಯುತ್ತಾರೆ. ಇಲ್ಲದವರು ಲೋಟವನ್ನು ಎತ್ತರದಲ್ಲಿ ಹಿಡಿದು, ದಾರದಷ್ಟು ತೆಳುವಾದ ಧಾರೆಯಾಗಿ, ಅಚ್ಚಿನ ಒಂದೇ ಮೂಲೆಗೆ ಸುರಿಯಬೇಕು. ಧಾರೆ ತೆಳುವಾದಷ್ಟೂ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ಕಲಬುರಗಿಯ ಬೇಸಿಗೆಯಲ್ಲಿ ಮಿಶ್ರಣ ಲೋಟದಲ್ಲೇ ಬಿಗಿಯತೊಡಗುವಷ್ಟು ಬೇಗ ಗಟ್ಟಿಯಾಗುತ್ತದೆ, ಮಡಿಕೇರಿಯ ಚಳಿಯಲ್ಲಿ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅವಸರಕ್ಕೆ ಬಿಸಿ ಮಾಡಲು ಹೋದರೆ, ತ್ರೀಡಿ ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಅಚ್ಚು ಸೊಟ್ಟಗಾಗುತ್ತದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಸಿಲಿಕೋನಿನ ಗಡಸುತನವನ್ನು ಶೋರ್ ಎ ಎಂಬ ಅಳತೆಯಲ್ಲಿ ಹೇಳುತ್ತಾರೆ: 10 ಎಂದರೆ ತೀರ ಮೆದು, 60 ಎಂದರೆ ಹೆಚ್ಚುಕಡಿಮೆ ವಾಹನದ ಟೈರಿನಷ್ಟು ಗಡಸು. ಒಂದೇ ಆಕಾರವನ್ನು ಎರಡು ಮೂರು ಗಡಸುತನದಲ್ಲಿ, ಎರಡು ಮೂರು ದಪ್ಪದಲ್ಲಿ ಎರೆದು, ಅದನ್ನು ಬಳಸಬೇಕಾದವರ ಬಳಿಗೆ ತೆಗೆದುಕೊಂಡು ಹೋಗಬೇಕು. ಜೀವನವಿಡೀ ಕೈಯಲ್ಲೇ ಕಲಸಿ ಉಂಡವರು ಕಾಯಿಲೆಯ ನಂತರ ಚಮಚಕ್ಕೆ ಬರುವಾಗ ಅವರ ಮನಸ್ಸಿಗಾಗುವ ನೋವು ಸಣ್ಣದಲ್ಲ. ಇನ್ನೊಬ್ಬರು ತಿನ್ನಿಸುವುದಕ್ಕಿಂತ ತಾವೇ ತಿನ್ನುವಂತಾದರೆ ಸಿಗುವ ಸಮಾಧಾನವೂ ಸಣ್ಣದಲ್ಲ. ಆದರೆ "ಇದು ಚೆನ್ನಾಗಿದೆಯೇ ಅಜ್ಜಿ?" ಎಂದು ಕೇಳಿದರೆ ಅವರು ನಮ್ಮ ಮನಸ್ಸು ನೋಯಿಸಬಾರದೆಂದು ಹೌದು ಎನ್ನುತ್ತಾರೆ. ಕೇಳುವುದನ್ನು ಬಿಟ್ಟು, ಅವರು ಸಾರನ್ನ ತಿನ್ನುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಹೆಬ್ಬೆರಳು ಎಲ್ಲಿ ಕೂರುತ್ತದೆ, ಒದ್ದೆ ಕೈಯಲ್ಲಿ ಕವಚ ತಿರುಗುತ್ತದೆಯೇ, ಎಷ್ಟು ತುತ್ತಿನ ನಂತರ ಕೈ ಸೋಲುತ್ತದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡು, ಸಂಜೆ ಸರಳನ್ನೋ ಪೈಪನ್ನೋ ಬದಲಿಸಿ ಮತ್ತೊಂದನ್ನು ಎರೆಯಬೇಕು. ಉಕ್ಕಿನ ಡೈಗೆ ಹಣ ಕಟ್ಟಿದವರಿಗೆ ಈ ಸ್ವಾತಂತ್ರ್ಯ ಇರುವುದಿಲ್ಲ.

ಬಾಳಿಕೆಯ ವಿಷಯದಲ್ಲಿ ಮಾತ್ರ ಈ ಮಾದರಿಯನ್ನು ನಂಬಬಾರದು. ಕೊಠಡಿಯ ಉಷ್ಣತೆಯಲ್ಲಿ ಗಟ್ಟಿಯಾದ ಸಿಲಿಕೋನ್, ಕಾರ್ಖಾನೆಯಲ್ಲಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ತೆಗೆದದ್ದಕ್ಕಿಂತ ಸಾಮಾನ್ಯವಾಗಿ ಬೇಗ ಸೀಳಿ ಹರಿದುಹೋಗುತ್ತದೆ.

ವಸ್ತುವಿನಲ್ಲಿ ನಿಜಕ್ಕೂ ಹೊಸತನವಿದೆ ಎಂದು ಅನಿಸಿದವರು ಅದನ್ನು ಪ್ರದರ್ಶನದಲ್ಲಿಡುವ ಮುನ್ನ 1970ರ ಪೇಟೆಂಟ್ ಕಾಯಿದೆಯಡಿ ತಾತ್ಕಾಲಿಕ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡಬಹುದು. ಹೊರರೂಪವಷ್ಟೇ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯಿದೆಯಡಿ ನೋಂದಣಿಯಿದೆ. ಅದಕ್ಕೂ ವಿನ್ಯಾಸ ಮೊದಲೇ ಬಹಿರಂಗವಾಗಿರಬಾರದು.

ಆಕಾರವೂ ಗಡಸುತನವೂ ಒಂದು ನೆಲೆಗೆ ಬಂದ ಮೇಲೆ ಬಿಸಿ ಪ್ರೆಸ್ಸಿರುವ ಕಾರ್ಖಾನೆಯವರ ಬಳಿಗೆ ಹೋಗಬಹುದು. ಆಗಲೂ ನೇರವಾಗಿ ಇಂಜೆಕ್ಷನ್ ಡೈಗೆ ಹೋಗದೆ, ಕೆಲವು ನೂರು ಪ್ರತಿಗಳಿಗೆ ಕಂಪ್ರೆಷನ್ ಅಚ್ಚು, ಅಂದರೆ ಸಿಲಿಕೋನನ್ನು ನಡುವೆ ಇಟ್ಟು ಪ್ರೆಸ್ಸಿನಲ್ಲಿ ಒತ್ತುವ ಸರಳ ಅಚ್ಚು, ಮಾಡಿಸಿದರೆ ಖರ್ಚು ಬಹಳ ಕಡಿಮೆ. ಕೈಯಲ್ಲಿ ಮಾದರಿ, ಕಾಗದದಲ್ಲಿ ಅಳತೆ, ಜೊತೆಗೆ ಶೋರ್ ಎ ಸಂಖ್ಯೆ, ಈ ಮೂರನ್ನೂ ಅವರಿಗೆ ಕೊಡಬೇಕು. ಬಿಸಿ ಅಚ್ಚಿನಿಂದ ಬಂದ ಸಿಲಿಕೋನ್ ತಣಿಯುವಾಗ ನೂರಕ್ಕೆ ಎರಡರಿಂದ ನಾಲ್ಕರಷ್ಟು ಕುಗ್ಗುವುದರಿಂದ, ಪೈಪಿನ ಅಚ್ಚಿನ ಅಳತೆಯನ್ನೇ ಡೈಗೆ ಇಳಿಸದೆ, ಸಿದ್ಧವಾದ ಕವಚ ಎಷ್ಟಿರಬೇಕೆಂಬ ಅಳತೆಯನ್ನೇ ಬರೆದುಕೊಟ್ಟು, ಕುಗ್ಗುವಿಕೆಯ ಲೆಕ್ಕವನ್ನು ಡೈ ಮಾಡುವವರಿಗೆ ಬಿಡಬೇಕು.

ನಮಸ್ಕಾರ.