ಮರದೊಳಗೆ ಅದೇ ಮರ: ಸ್ವಸದೃಶ ಗ್ರೂಪ್‌ಗಳ ಲೆಕ್ಕ

ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಎಂ.ಎಸ್ಸಿ. ಗಣಿತದ ವಿದ್ಯಾರ್ಥಿಗಳೇ, ಪೆನ್ನು, ಹಾಳೆ ಹಿಡ್ಕೊಂಡೇ ಕೂತ್ಕೊಳ್ಳಿ. ಈ ವಿಷಯ ನೋಡಿದರೆ ಬರೋದಿಲ್ಲ, ಬರೆದರೆ ಬರುತ್ತೆ.

[ಪರದೆ: ಎರಡೆರಡಾಗಿ ಕವಲೊಡೆಯುವ ಮರ]

ಮುನಿರಾಬಾದ್ ಕಡೆಯಿಂದ ಹೊರಡೋ ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತು: ಮುಖ್ಯ ಕಾಲುವೆ, ಅದರಿಂದ ವಿತರಣಾ ಕಾಲುವೆ, ಅದರಿಂದ ಹೊಲಗಾಲುವೆ. ನಮ್ಮ ಮರದಲ್ಲಿ ಪ್ರತಿ ಕವಲಿಗೂ ಎರಡೇ ದಾರಿ, 0 ಮತ್ತು 1. ಕೊನೆ ಅನ್ನೋದಿಲ್ಲ. ಹಾಗಾಗಿ ಯಾವ ಕವಲಿನ ಕೆಳಗೆ ಕತ್ತರಿಸಿದರೂ ಕೈಗೆ ಸಿಗೋದು ಇಡೀ ಮರವೇ.

ಮರದ ಮೇಲಿನ ಒಂದು ಕ್ರಿಯೆ ಹೇಳೋಕೆ ಮೂರು ಸಂಗತಿ ಸಾಕು: 0-ಕೊಂಬೆಯೊಳಗೆ ಏನಾಗುತ್ತೆ, 1-ಕೊಂಬೆಯೊಳಗೆ ಏನಾಗುತ್ತೆ, ಬೇರಿನಲ್ಲಿ ಎರಡೂ ಕೊಂಬೆ ಅದಲುಬದಲಾಗುತ್ತಾ. ಒಳಗಿನ ಕ್ರಿಯೆಗಳಿಗೆ ಸೆಕ್ಷನ್ ಅಂತೀವಿ. ಒಂದಾದ ಮೇಲೊಂದು ಮಾಡಿದರೂ, ಹಿಂದಕ್ಕೆ ತಿರುಗಿಸಿದರೂ ಒಳಗೇ ಉಳಿಯೋ ಕ್ರಿಯೆಗಳ ಗುಂಪೇ ಗ್ರೂಪ್. ಗ್ರೂಪಿನ ಪ್ರತಿ ಸದಸ್ಯನ ಸೆಕ್ಷನ್‌ಗಳೂ ಅದೇ ಗ್ರೂಪಿನಲ್ಲಿದ್ದರೆ ಅದು ಸ್ವಸದೃಶ.

[ಪರದೆ: ತ = (ಇ, ತ)ಸ]

ಆವರಣದೊಳಗೆ ಮೊದಲು 0-ಕೊಂಬೆಯ ಸೆಕ್ಷನ್, ಆಮೇಲೆ 1-ಕೊಂಬೆಯದು. ಇಲ್ಲಿ 'ಇ' ಅಂದರೆ ಏನೂ ಮಾಡದ ಕ್ರಿಯೆ, 'ಸ' ಅಂದರೆ ಅದಲುಬದಲು. ಮೊದಲ ಅಂಕೆ 0 ಇದ್ದರೆ 1 ಮಾಡಿ ನಿಲ್ಲಿ. 1 ಇದ್ದರೆ 0 ಮಾಡಿ, ಉಳಿದ ಅಂಕೆಗಳಿಗೆ ಮತ್ತೆ 'ತ' ಹಚ್ಚಿ. 110 ಏನಾಯ್ತು? 001. ಬಿಡಿಸ್ಥಾನ ಎಡಕ್ಕಿದೆ ಅಂತ ಓದಿದರೆ 3 ಇದ್ದದ್ದು 4 ಆಯ್ತು. ಒಂದು ಕೂಡಿಸಿ ದಶಕ ಒಯ್ಯೋದೇ ಇದು, ಎರಡರ ಪದ್ಧತಿಯಲ್ಲಿ.

ತ² ಲೆಕ್ಕದಲ್ಲೇ ತಪ್ಪಾಗೋದು. ಬಹಳ ಜನ (ಇ, ತ²) ಅಂತ ಬರೀತಾರೆ. ಮೊದಲ ಸಲದ 'ಸ' ಕೊಂಬೆ ಬದಲಿಸಿಬಿಟ್ಟಿದೆ, ಎರಡನೇ ಸಲ ಸಿಗೋದು ಆಚೆ ಕೊಂಬೆಯ ಸೆಕ್ಷನ್. ಸರಿಯಾದದ್ದು (ತ, ತ). ಪರೀಕ್ಷೆ ಮಾಡಿ: 00, 10, 01. ತಪ್ಪು ಸೂತ್ರದಲ್ಲಿ 00 ಕದಲೋದೇ ಇಲ್ಲ. ತ² ಹೀಗಿರೋದರಿಂದಲೇ 3ನೇ ಹಂತದ 8 ಶೃಂಗಗಳನ್ನೂ (ಕವಲೊಡೆಯುವ ಬಿಂದುಗಳನ್ನೂ) 'ತ' ಒಂದೇ ಸುತ್ತಿನಲ್ಲಿ ತಿರುಗಿಸುತ್ತೆ, 4ನೇ ಹಂತದಲ್ಲಿ 16. ಆದ್ದರಿಂದ ಇದರ ಆರ್ಡರ್, ಅಂದರೆ ಎಷ್ಟು ಸಲ ಮಾಡಿದರೆ ಎಲ್ಲವೂ ಮೊದಲಿನಂತಾಗುತ್ತೆ ಅನ್ನೋ ಸಂಖ್ಯೆ, ಅನಂತ.

[ಪರದೆ: ಅ = ಸ, ಬ = (ಅ, ಕ), ಕ = (ಅ, ಡ), ಡ = (ಇ, ಬ)]

ಈ ನಾಲ್ಕು ಕ್ರಿಯೆಗಳಿಂದ ಹುಟ್ಟೋದು 1980ರಲ್ಲಿ ಗಣಿತಜ್ಞ ಗ್ರಿಗೋರ್ಚುಕ್ ಕೊಟ್ಟ ಗ್ರೂಪ್. 'ಕ' ಒಂದನ್ನೇ ಇಟ್ಟುಕೊಂಡರೆ ಸ್ವಸದೃಶ ಆಗಲ್ಲ, ಅದರ ಸೆಕ್ಷನ್ 'ಡ' ಹೊರಗುಳಿಯುತ್ತೆ. ನಾಲ್ಕೂ ಸೇರಿದರೆ ಮುಚ್ಚಿಕೊಳ್ಳುತ್ತೆ. ಗ್ರೂಪ್ ಅನಂತ, ಆದರೂ ಪ್ರತಿ ಸದಸ್ಯನ ಆರ್ಡರ್ ಎರಡರ ಘಾತ! ಪದಗಳ ಉದ್ದ ಹೆಚ್ಚಿದಂತೆ ಸಿಗೋ ಸದಸ್ಯರ ಸಂಖ್ಯೆ ಬಹುಪದದಂತೆ ಇಲ್ಲವೇ ಘಾತೀಯವಾಗಿ ಮಾತ್ರ ಬೆಳೆಯುತ್ತಾ ಅಂತ 1968ರಲ್ಲಿ ಗಣಿತಜ್ಞ ಮಿಲ್ನರ್ ಎತ್ತಿದ ಬೆಳವಣಿಗೆ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಬಂತು: ಯಾವ ಬಹುಪದಕ್ಕಿಂತಲೂ ವೇಗ, ಘಾತೀಯಕ್ಕಿಂತ ನಿಧಾನ.

ಒಂದು ಲೆಕ್ಕ ಮಾಡೋಣ. 'ಅಡಅ' ಅಂದರೆ 'ಡ'ದ ಎರಡು ಸೆಕ್ಷನ್ ಅದಲುಬದಲು, ಅಂದರೆ (ಬ, ಇ). ಅದಕ್ಕೆ 'ಡ' ಗುಣಿಸಿದರೆ (ಅಡ)² = (ಬ, ಬ). ಬ² = ಇ ಆದ್ದರಿಂದ (ಅಡ)⁴ = ಇ. ಇದೇ ದಾರಿಯಲ್ಲಿ 'ಅಕ', 'ಅಬ' ನೀವೇ ಮಾಡಿ. ಆರ್ಡರ್ 8 ಮತ್ತು 16 ಬರಬೇಕು. ಬರದಿದ್ದರೆ ಅದಲುಬದಲಿನ ಸಾಲನ್ನೇ ಮೊದಲು ನೋಡಿ.