ಎಕ್ಸಾಸ್ಟ್ ಬ್ರೇಕಿನ ಗಾಳಿ ಎಲ್ಲಿ ಸೋರುತ್ತಿದೆ?

ಕೇಳುಗರಿಗೆ ನಮಸ್ಕಾರ.

ಮಳೆಗಾಲಕ್ಕೆ ಮುಂಚೆ ಲಾರಿಯ ಟೈರು, ವೈಪರ್, ಹೆಡ್‌ಲೈಟು ಎಲ್ಲವನ್ನೂ ತೋರಿಸಿಕೊಂಡು ಹೋಗುತ್ತಾರೆ. ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ಗಾಡಿ ಹಿಡಿಯುವ ಎಕ್ಸಾಸ್ಟ್ ಬ್ರೇಕನ್ನು ಕೇಳುವವರು ಕಡಿಮೆ. ಗ್ಯಾರೇಜಿಗೆ ಬರುವ ಎಷ್ಟೋ ಲಾರಿಗಳ ಅಡಿಗೆ ಬಗ್ಗಿ ನೋಡಿದರೆ, ಅದರ ಗಾಳಿ ಪೈಪನ್ನು ಮಡಚಿ ತಂತಿ ಸುತ್ತಿರುತ್ತಾರೆ. ‘ಗಾಳಿ ಸೋರ್ತಾ ಇತ್ತು ಅಣ್ಣ, ಅದಕ್ಕೇ ಕಟ್ಟಿಬಿಟ್ವಿ’ ಅನ್ನುತ್ತಾರೆ. ಕಟ್ಟಿದರೆ ಸೋರುವುದು ನಿಲ್ಲುತ್ತದೆ, ಸರಿ. ಆದರೆ ಆ ಬ್ರೇಕು ಇದ್ದೂ ಇಲ್ಲದ ಹಾಗಾಗುತ್ತದೆ. ಅಂಥ ಲಾರಿ ಕಾಫಿ ಮೂಟೆಯನ್ನೋ ಗ್ರಾನೈಟ್ ಕಲ್ಲನ್ನೋ ಹೇರಿಕೊಂಡು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ನೆನೆಸಿಕೊಂಡರೆ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಹಾಗೆ ಕಟ್ಟಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಇವತ್ತು ಬಂದಿದ್ದೇನೆ. ಸೋರಿಕೆ ಎಲ್ಲಿದೆ ಅಂತ ಹುಡುಕುವುದು ಕಷ್ಟದ ಕೆಲಸ ಅಲ್ಲ. ಸೋಪಿನ ನೀರು, ಒಂದು ಬ್ರಷ್ಷು, ಜೊತೆಗೊಬ್ಬರು ಇದ್ದರೆ ಸಾಕು.

ಮೊದಲು ಈ ಬ್ರೇಕು ಏನು ಮಾಡುತ್ತದೆ ಅಂತ ನೋಡೋಣ. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಸ್ವಲ್ಪ ಹಿಡಿಯುತ್ತದೆ. ಗಾಳಿ ಒಳಗೆ ಬರುವ ದಾರಿ ಮುಚ್ಚಿಕೊಳ್ಳುವುದೇ ಅದಕ್ಕೆ ಕಾರಣ. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಡೀಸೆಲ್ ನಿಂತರೂ ಗಾಳಿ ಆರಾಮಾಗಿ ಒಳಗೆ ಬಂದು ಹೊರಗೆ ಹೋಗುತ್ತಿರುತ್ತದೆ. ಅದಕ್ಕೇ ಸೈಲೆನ್ಸರ್ ಪೈಪಿನಲ್ಲಿ, ಟರ್ಬೋ ದಾಟಿದ ಮೇಲೆ, ಒಂದು ದುಂಡನೆಯ ತಟ್ಟೆ ಇಟ್ಟಿರುತ್ತಾರೆ. ಬಟರ್‌ಫ್ಲೈ ಅನ್ನುತ್ತೇವೆ. ಡ್ರೈವರ್ ಕ್ಲಚ್ಚಿನ ಪಕ್ಕದ ಬಟನ್ನನ್ನು ಎಡಗಾಲಿನಲ್ಲಿ ಒತ್ತಿದರೆ ಲಾರಿಯ ಗಾಳಿ ಟ್ಯಾಂಕಿನಿಂದ ಗಾಳಿ ಒಂದು ಚಿಕ್ಕ ಸಿಲಿಂಡರಿಗೆ ಹೋಗುತ್ತದೆ. ಅದರ ರಾಡು ಲಿವರ್ ತಳ್ಳಿ ತಟ್ಟೆಯನ್ನು ಮುಚ್ಚುತ್ತದೆ. ಅದೇ ಹೊತ್ತಿಗೆ ಡೀಸೆಲ್ಲೂ ನಿಲ್ಲುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಹಿಡಿ ಹೇಗೆ ಹಿಂದಕ್ಕೆ ತಳ್ಳುತ್ತದೋ, ಪಿಸ್ಟನ್ನುಗಳಿಗೂ ಹಾಗೇ ಆಗುತ್ತದೆ. ಎಂಜಿನ್ ಗೇರಿನ ಮೂಲಕ ಹಿಂದಿನ ಗಾಲಿಗಳನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಅಥವಾ ಕ್ಲಚ್ ತುಳಿದರೆ ಈ ಹಿಡಿತ ಪೂರ್ತಿ ಬಿಟ್ಟುಹೋಗುತ್ತದೆ. ಹೊಸ ಲಾರಿಗಳಲ್ಲಿ ಬಟನ್ನಿನ ಬದಲು ಸ್ಟೀರಿಂಗ್ ಪಕ್ಕ ಸ್ವಿಚ್ಚು, ಕೆಳಗೆ ಕರೆಂಟಿನ ವಾಲ್ವು ಇರುತ್ತದೆ. ಕೆಲಸ ಮಾತ್ರ ಅದೇ.

ನಮ್ಮ ಕಡೆಯ ಚಿಕ್ಕ ಪಿಕಪ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.  

ಕಾಲಿನ ಬ್ರೇಕೇ ಸಾಕಲ್ವಾ, ಇದು ಯಾಕೆ ಬೇಕು ಅಂತ ಹುಡುಗರು ಕೇಳುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಲೋಡ್ ಸೇರಿ 16 ಟನ್ ತೂಗುವ ಲಾರಿ 300 ಮೀಟರ್ ಎತ್ತರದಿಂದ ಒಂದೇ ವೇಗದಲ್ಲಿ ಕೆಳಗೆ ಇಳಿದರೆ, ಅಷ್ಟರಲ್ಲಿ ಹುಟ್ಟುವ ಶಾಖ ಸುಮಾರು 150 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಶಿರಾಡಿಯ ಇಳಿಜಾರು ಅದಕ್ಕಿಂತ ಜಾಸ್ತಿ. ಗಾಳಿಯ ಎದುರುತಡೆ, ಗಾಲಿಯ ತಿಕ್ಕಾಟ ಒಂದಿಷ್ಟು ತಿಂದುಕೊಳ್ಳುತ್ತವೆ. ಉಳಿದದ್ದೆಲ್ಲ ಗಾಲಿಯೊಳಗಿನ ಬ್ರೇಕ್ ಡ್ರಮ್ಮಿಗೂ ಅದನ್ನು ಉಜ್ಜಿ ಹಿಡಿಯುವ ಲೈನರಿಗೂ ಹೋಗಬೇಕು. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಟ್ಯಾಂಕಿನಲ್ಲಿ ಗಾಳಿ ಪೂರ್ತಿ ಇದ್ದರೂ ಹೀಗಾಗುತ್ತದೆ. ಎಕ್ಸಾಸ್ಟ್ ಬ್ರೇಕು ಆ ಶಾಖದಲ್ಲಿ ದೊಡ್ಡ ಪಾಲನ್ನು ಎಂಜಿನ್ನಿನ ಕಡೆಗೆ ತಿರುಗಿಸಿ, ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹಾಕುತ್ತದೆ. ಕೊನೆಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಕಾಲಿನ ಬ್ರೇಕು ತಣ್ಣಗೆ ಇರುತ್ತದೆ.

ಎಂಜಿನ್ ಕಟ್ಟಿದವರಿಗೇ ಇದು ಅನುಭವಕ್ಕೆ ಬಂದಿದೆ. ಅಮೆರಿಕದ ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿ ಕಟ್ಟಿದ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ತಮ್ಮ ಡೀಸೆಲ್ ಲಾರಿಯಲ್ಲಿ ಅಮೆರಿಕವನ್ನು ಅಡ್ಡಕ್ಕೆ ದಾಟುತ್ತಿದ್ದರು. ಕ್ಯಾಲಿಫೋರ್ನಿಯಾದ ಕಾಹೋನ್ ಕಣಿವೆ ಇಳಿಯುವಾಗ ಬ್ರೇಕು ಕಾದು ಕೈಕೊಟ್ಟಿತು. ಕೆಳಗೆ ರೈಲ್ವೆ ಗೇಟಿನಲ್ಲಿ ಗೂಡ್ಸ್ ರೈಲು ಹೋಗುತ್ತಿತ್ತು. ಕೂದಲೆಳೆಯಲ್ಲಿ ತಪ್ಪಿಸಿಕೊಂಡರು. ಮುಂದೆ ಅವರೇ ಎಂಜಿನ್ ಬ್ರೇಕನ್ನು ರೂಪಿಸಿದರು, 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಅದು ಎಂಜಿನ್ನಿನ ವಾಲ್ವುಗಳನ್ನೇ ತೆರೆದು ಕೆಲಸ ಮಾಡುವ ಬೇರೆ ಬಗೆ. ಇಳಿಜಾರಿನಲ್ಲಿ ಡ್ರಮ್ಮನ್ನು ಉಳಿಸುವ ಉದ್ದೇಶ ಮಾತ್ರ ಎರಡಕ್ಕೂ ಒಂದೇ.

ಈಗ ಸೋರಿಕೆ ಹುಡುಕೋಣ. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗಾಲಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆದಿದೆಯಲ್ಲ ಅಂತ ನಂಬಿ ಅಡಿಗೆ ನುಗ್ಗಬೇಡಿ. ಎಂಜಿನ್ ಓಡಿಸಿ ಗಾಳಿ ತುಂಬಿಸಿ. ಗೇಜಿನ ಮುಳ್ಳು ಸುಮಾರು 8 ಬಾರ್ ಹತ್ತಿರ ಬಂದು, ಕೆಳಗಿನಿಂದ ಪುಸ್ ಅಂತ ಗಾಳಿ ಬಿಟ್ಟರೆ ತುಂಬಿತು ಅಂತ ಅರ್ಥ. ಎಂಜಿನ್ ನಿಲ್ಲಿಸಿ. ಸೈಲೆನ್ಸರ್ ಆರಲಿ. ಸುಮ್ನೆ ಕಿವಿಗೊಟ್ಟು ಕೇಳಿ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಟ್ಯಾಂಕಿನಿಂದ ಕಾಲಿನ ಬಟನ್ನಿನವರೆಗೆ ಪೈಪಿನಲ್ಲಿ ಯಾವಾಗಲೂ ಗಾಳಿ ಇರುತ್ತದೆ. ಬಟನ್ನಿನಿಂದ ಮುಂದೆ ಸಿಲಿಂಡರಿನವರೆಗೆ ಒತ್ತಿದಾಗ ಮಾತ್ರ ಗಾಳಿ ಬರುತ್ತದೆ. ಹಾಗಾಗಿ ಬಟನ್ ಮುಟ್ಟದೇ ಇದ್ದಾಗಲೂ ಸುಯ್ ಅನ್ನುತ್ತಿದ್ದರೆ ಬಟನ್ನಿನಿಂದ ಟ್ಯಾಂಕಿನ ಕಡೆಯ ಭಾಗ ನೋಡಿ. ಒತ್ತಿ ಹಿಡಿದಾಗ ಮಾತ್ರ ಶಬ್ದ ಬಂದರೆ ಸಿಲಿಂಡರಿನ ಕಡೆಯ ಭಾಗ ನೋಡಿ. ಮುಟ್ಟದಿದ್ದರೂ ಬಟನ್ನಿನ ಕೆಳಗಿನ ತೂತಿನಿಂದಲೇ ಗಾಳಿ ಬರುತ್ತಿದ್ದರೆ ಅದರ ಒಳಗಿನ ರಬ್ಬರ್ ಕೂರುತ್ತಿಲ್ಲ. ಒತ್ತಿ ಬಿಟ್ಟ ಕೂಡಲೇ ಒಂದು ಸಲ ಪುಸ್ ಅಂದರೆ ಅದು ಸಹಜ, ಸೋರಿಕೆ ಅಂದುಕೊಳ್ಳಬೇಡಿ. ಕರೆಂಟಿನ ವಾಲ್ವು ಇರುವ ಲಾರಿಗಳಲ್ಲಿ ಎಂಜಿನ್ ಓಡದೆ ಗಾಳಿ ಬಿಡದಂತೆ ಮಾಡಿರುವುದೂ ಉಂಟು. ಅಂಥ ಗಾಡಿ ಆದರೆ ಆ ಕಂಪನಿಯ ವಿಧಾನ ತಿಳಿದವರ ಕೈಯಲ್ಲಿ ಪರೀಕ್ಷೆ ಮಾಡಿಸಿ.

ಗೇಜೂ ಒಂದು ಸುಳಿವು ಕೊಡುತ್ತದೆ. ಏರ್ ಬ್ರೇಕಿನ ಲಾರಿಗಳಲ್ಲಿ ಒಂದು ಸರ್ಕ್ಯೂಟ್, ಅಂದರೆ ಗಾಳಿ ಪೈಪುಗಳ ಒಂದು ಸಾಲು, ಸೋರಿದರೆ ಉಳಿದವು ಖಾಲಿ ಆಗದಂತೆ ಕಾಯುವ ವಾಲ್ವು ಇರುತ್ತದೆ. ಎಕ್ಸಾಸ್ಟ್ ಬ್ರೇಕು ಸಾಮಾನ್ಯವಾಗಿ ಹಾರ್ನಿನಂಥ ಹೆಚ್ಚುವರಿ ಸಾಮಾನುಗಳ ಸರ್ಕ್ಯೂಟಿನಲ್ಲಿ ಇರುತ್ತದೆ. ಅಲ್ಲಿ ಸೋರಿದಾಗ ಮುಳ್ಳು ಒಂದು ಮಟ್ಟದವರೆಗೆ ಇಳಿದು ನಿಂತುಬಿಡುತ್ತದೆ. ಸೊನ್ನೆವರೆಗೆ ಇಳಿಯುತ್ತಾ ಹೋದರೆ ತೊಂದರೆ ಮುಖ್ಯ ಬ್ರೇಕಿನಲ್ಲೇ ಇರಬಹುದು. ಆಗ ಆ ಗಾಡಿ ಅಲ್ಲಿಂದ ಕದಲಬಾರದು.

ಶಬ್ದ ಯಾವ ಕಡೆಯಿಂದ ಅಂತ ಗೊತ್ತಾದ ಮೇಲೆ ಸೋಪಿನ ನೀರು ಹಚ್ಚಿ. ಪಾತ್ರೆ ತೊಳೆಯುವ ಲಿಕ್ವಿಡ್ ಆದರೂ ಆಗುತ್ತದೆ. ಒಬ್ಬರು ಬಟನ್ ಒತ್ತಿ ಹಿಡಿಯಲಿ. ಲಿವರ್ ಹತ್ತಿರ ಕೈ ಇಡಬೇಡಿ, ಗಾಳಿ ಬಂದರೆ ಅದು ಫಟ್ಟನೆ ತಿರುಗುತ್ತದೆ. ಸಿಲಿಂಡರಿನಲ್ಲಿ ರಾಡು ಹೊರಗೆ ಬರುವ ಕಡೆ ಒಂದು ಸಣ್ಣ ಉಸಿರುತೂತು ಇರುತ್ತದೆ. ಅಲ್ಲಿ ಗುಳ್ಳೆ ಎದ್ದರೆ ಒಳಗಿನ ಪಿಸ್ಟನ್ ಸೀಲು ಹೋಗಿದೆ. ಹಳೆಯ ಪಂಪಿನ ಅನೇಕ ಲಾರಿಗಳಲ್ಲಿ ಡೀಸೆಲ್ ನಿಲ್ಲಿಸುವುದಕ್ಕೆ ಇನ್ನೊಂದು ಪುಟ್ಟ ಸಿಲಿಂಡರ್ ಇರುತ್ತದೆ, ಅದನ್ನು ಮರೆಯಬೇಡಿ.

ನಾನು ಕಂಡಂತೆ ಜಾಸ್ತಿ ಸೋರುವುದು ನೈಲಾನ್ ಪೈಪೇ. ಕ್ಲಿಪ್ ಕಳಚಿ ಪೈಪು ಜೋತುಬಿದ್ದು ಬಿಸಿ ಸೈಲೆನ್ಸರಿಗೆ ತಾಗಿರುತ್ತದೆ. ತಾಗಿದ ಕಡೆ ಹೊಳಪಾಗಿ, ತೆಳ್ಳಗೆ ಉಬ್ಬಿ, ಸೂಜಿಮೊನೆಯಷ್ಟು ತೂತಾಗಿರುತ್ತದೆ. ಅದಕ್ಕೆ ಟ್ಯೂಬಿನ ರಬ್ಬರ್ ಸುತ್ತಿದರೆ ನಿಲ್ಲುವುದಿಲ್ಲ. ಅಷ್ಟು ಒತ್ತಡ, ಅಷ್ಟು ಬಿಸಿ ಅದು ತಡೆಯುವುದಿಲ್ಲ. ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು, ಆಮೇಲೆ ಪೈಪು ಬಿಚ್ಚಿ ಹೊಸದು ಹಾಕಿ. ಪೈಪನ್ನು ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ. ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿದರೆ ತುದಿ ಚಪ್ಪಟೆಯಾಗಿ ಮತ್ತೆ ಅಲ್ಲೇ ಸೋರುತ್ತದೆ. ಒಳಗೆ ಕೂರುವ ಚಿಕ್ಕ ಕೊಳವೆ, ನಟ್ಟಿನ ಒಳಗಿನ ಉಂಗುರ ಎರಡೂ ಹೊಸದಿರಲಿ. ಟೆಫ್ಲಾನ್ ಟೇಪನ್ನು ಕಂಡಕಂಡಲ್ಲಿ ಸುತ್ತಬೇಡಿ, ಅದರ ಚೂರು ವಾಲ್ವಿನೊಳಗೆ ಸಿಕ್ಕಿಕೊಳ್ಳುತ್ತದೆ. ಸೈಲೆನ್ಸರ್ ಹತ್ತಿರದ ಕೊನೆಯ ಭಾಗಕ್ಕೆ ಬಿಸಿ ತಡೆಯುವ, ಮೇಲೆ ತಂತಿ ಹೆಣೆದ ಹೋಸ್ ಹಾಕಿ, ಪೈಪನ್ನು ಚಾಸಿಸ್ಸಿಗೆ ಕ್ಲಿಪ್ ಮಾಡಿ.

ಸಿಲಿಂಡರ್ ಸೀಲು ಹೋಗಿದ್ದರೆ ಕಿಟ್ ಸಿಗುತ್ತದೆ. ಒಳಗೆ ತುಕ್ಕು ಗೀರು ಬಿದ್ದಿದ್ದರೆ ಕಿಟ್ಟಿಗೆ ಹಣ ಹಾಕುವುದು ದಂಡ, ಸಿಲಿಂಡರನ್ನೇ ಬದಲಿಸಿ. ತುಕ್ಕು ಬಂದದ್ದು ಟ್ಯಾಂಕಿನ ನೀರಿನಿಂದ. ದಿನಾ ಸಂಜೆ ಟ್ಯಾಂಕಿನ ಅಡಿಯ ವಾಲ್ವು ಎಳೆದು ನೀರು ಬಿಡುವ ಅಭ್ಯಾಸ ಇರುವ ಡ್ರೈವರುಗಳ ಲಾರಿಯಲ್ಲಿ ಈ ತೊಂದರೆ ಬರುವುದು ಅಪರೂಪ. ನೀರಿನ ಜೊತೆ ಆಯಿಲ್ಲೂ ಬರುತ್ತಿದ್ದರೆ ಕಂಪ್ರೆಸರ್ ತೋರಿಸಿ.

ಇನ್ನೊಂದು ಬಗೆಯ ಸೋರಿಕೆ ಇದೆ, ಅದು ಹೊಗೆಯದು. ಎಂಜಿನ್ನಿನ ಹೊಗೆ ಒಟ್ಟುಗೂಡುವ ಮ್ಯಾನಿಫೋಲ್ಡಿನಿಂದ ತಟ್ಟೆಯವರೆಗೆ ಎಲ್ಲಾದರೂ ಜೋಡಣೆಯ ನಡುವಿನ ಗ್ಯಾಸ್ಕೆಟ್ ಹೋಗಿದ್ದರೆ, ತಟ್ಟೆ ಮುಚ್ಚಿದಾಗ ಒತ್ತಡ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಗಾಳಿ ಪೈಪು ಚೆನ್ನಾಗಿದ್ದರೂ ಬ್ರೇಕು ಹಿಡಿಯುವುದಿಲ್ಲ. ಟಾರ್ಚ್ ಹಾಕಿ ನೋಡಿ, ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿ ಗೆರೆ ಹೊಡೆದಿರುತ್ತದೆ. ತಟ್ಟೆಯ ಶಾಫ್ಟಿನ ಬುಷ್ ಸವೆದರೂ ಅಲ್ಲಿ ಮಸಿ ಕೂರುತ್ತದೆ. ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಕ್ಯಾಬಿನ್ ಒಳಗೆ ಕ್ಲೀನರ್ ಮಲಗಿರುತ್ತಾನೆ, ನೆನಪಿರಲಿ. ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಿ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಗ್ಯಾಸ್ಕೆಟ್ ಬದಲಿಸುವಾಗ ಅವಸರ ಮಾಡಬೇಡಿ. ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ, ಇಲ್ಲದಿದ್ದರೆ ಮುರಿದು ಒಳಗೇ ಉಳಿಯುತ್ತದೆ. ಎರಡೂ ಮುಖಗಳ ಹಳೆ ಗ್ಯಾಸ್ಕೆಟ್ ಕೆರೆದು ತೆಗೆಯಿರಿ. ಹೊಸ ಬೋಲ್ಟಿಗೆ ಕಾಪರ್ ಗ್ರೀಸ್ ಹಚ್ಚಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತಟ್ಟೆಯ ಮೇಲಿನ ಕರಿ ತೆಗೆದು, ಲಿವರನ್ನು ಕೈಯಲ್ಲಿ ಆಡಿಸಿ. ಬಿಟ್ಟ ಕೂಡಲೇ ಸ್ಪ್ರಿಂಗ್ ಎಳೆದು ಪೂರ್ತಿ ತೆರೆಯಬೇಕು. ಅರ್ಧ ಮುಚ್ಚಿ ನಿಂತರೆ ಪಿಕಪ್ ಸಿಗುವುದಿಲ್ಲ, ಕರಿಹೊಗೆ ಬರುತ್ತದೆ, ಟರ್ಬೋ ಬಿಸಿಯಾಗುತ್ತದೆ. ತಟ್ಟೆಯಲ್ಲಿ ಸಣ್ಣ ತೂತೋ ಅಂಚಿನಲ್ಲಿ ಸಂದೋ ಇರುತ್ತದೆ. ಅದು ಬೇಕೆಂದೇ ಬಿಟ್ಟದ್ದು. ಬ್ರೇಕು ಇನ್ನೂ ಬಿಗಿಯಾಗಲಿ ಅಂತ ಅದನ್ನು ವೆಲ್ಡ್ ಮಾಡಿಸಿದರೆ ಒತ್ತಡ ಮಿತಿ ಮೀರಿ ಎಂಜಿನ್ನಿನ ಎಕ್ಸಾಸ್ಟ್ ವಾಲ್ವುಗಳಿಗೆ ಏಟು ಬೀಳುತ್ತದೆ.

ಎಲ್ಲ ಮುಗಿದ ಮೇಲೆ ಖಾಲಿ ಲಾರಿಯಲ್ಲಿ ಒಂದು ಸಣ್ಣ ಇಳಿಜಾರು ನೋಡಿಕೊಳ್ಳಿ. ಮೂರನೇ ಗೇರಿನಲ್ಲಿ ಬಟನ್ ಒತ್ತಿದರೆ ಎಂಜಿನ್ನಿನ ದನಿ ಬದಲಾಗಿ ಗಾಡಿ ಹಿಡಿಯಬೇಕು, ಬಿಟ್ಟರೆ ತಕ್ಷಣ ಪಿಕಪ್ ಸಿಗಬೇಕು. ಲೋಡಿನಲ್ಲಿ ಮೊದಲ ಸಲ ಘಾಟಿ ಇಳಿದು ಬಂದ ಮೇಲೆ, ಸೈಲೆನ್ಸರ್ ಪೂರ್ತಿ ಆರಿದಾಗ, ಗ್ಯಾಸ್ಕೆಟ್ಟಿನ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಿಸಿ. ಬಿಸಿಗೆ ಅವು ಸ್ವಲ್ಪ ಸಡಿಲ ಆಗಿರುತ್ತವೆ.

ನಮಸ್ಕಾರ.